ಪ್ಲೇಟು ಕೊಳ್ಳುವ ಮೊದಲು ಪಟ್ಟಿ ಬರೆಯಿರಿ

ಗದಗ-ಬೆಟಗೇರಿಯ ಯಾವುದೇ ಬ್ಯಾಟರಿ ಅಂಗಡಿಗೆ ಹೋಗಿ, ‘ಗಾಡಿಯೊಳಗ ಎರಡ್ ಮೂರ್ ದಿನ ಉಳಿಯೂ ಹಂಗ ಕರೆಂಟಿನ ವ್ಯವಸ್ಥಾ ಆಗಬೇಕ್ರಿ’ ಎಂದು ಕೇಳಿ ನೋಡಿ. ‘ಎಷ್ಟ್ ವ್ಯಾಟಿನ ಪ್ಲೇಟ್ ಹಾಕೂಣ್ರಿ?’ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಕೇಳಿದವರೂ ನೂರೋ ಐನೂರೋ ಬಾಯಿಗೆ ಬಂದ ಒಂದು ಅಂಕಿ ಹೇಳುತ್ತಾರೆ. ಸೋಲಾರ್ ಪ್ಲೇಟು ಗಾಡಿಯ ನೆತ್ತಿಯ ಮೇಲೆ ಎಲ್ಲರಿಗೂ ಕಾಣುವ ವಸ್ತುವಾದ್ದರಿಂದ ಮನಸ್ಸು ಅಲ್ಲಿಗೇ ಹೋಗುತ್ತದೆ. ಆದರೆ ಲೆಕ್ಕ ಅಲ್ಲಿಂದ ಶುರುವಾಗುವುದಿಲ್ಲ. ದಿನಕ್ಕೆ ಎಷ್ಟು ಕರೆಂಟು ಉರಿಸುತ್ತೀರಿ, ಒಂದೇ ಜಾಗದಲ್ಲಿ ಎಷ್ಟು ದಿನ ನಿಲ್ಲುತ್ತೀರಿ, ಯಾವ ಹಂಗಾಮಿನಲ್ಲಿ ಹೋಗುತ್ತೀರಿ ಎಂಬ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಪ್ಲೇಟಿನ ಅಂಕಿ ತಾನೇ ಹೊರಬೀಳುತ್ತದೆ. ಕೆಲವರಿಗೆ ಆ ಅಂಕಿ ಸೊನ್ನೆಯೂ ಆಗಬಹುದು.

ಈಚಿನ ವರ್ಷಗಳಲ್ಲಿ ಬೊಲೆರೊ, ಕ್ರೂಸರ್, ಈಕೊ, ಟೆಂಪೊ ಟ್ರಾವೆಲರ್‌ಗಳ ಹಿಂದಿನ ಸೀಟು ತೆಗೆದು ಹಾಸಿಗೆ ಹಾಕಿಕೊಂಡು ಊರೂರು ತಿರುಗುವ ಹವ್ಯಾಸ ಬೆಳೆದಿದೆ. ಗಾಡಿಯ ಜೊತೆ ಬೀಡು ಬಿಡುವುದು ಈ ಸೀಮೆಗೆ ಹೊಸದಲ್ಲ. ಕುರಿ ಹಿಂಡಿನೊಂದಿಗೆ ಹೊಲದಿಂದ ಹೊಲಕ್ಕೆ ಸಾಗುವ ಕುರಿಗಾರರು, ಕಬ್ಬು ಕಡಿಯಲು ಟ್ರ್ಯಾಕ್ಟರ್ ಏರಿ ಹೋಗುವ ತಾಂಡಾದವರು, ಜಾತ್ರೆಯಿಂದ ಜಾತ್ರೆಗೆ ಕ್ಯಾಂಪ್ ಎತ್ತುವ ನಾಟಕ ಕಂಪನಿಯವರು, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡುವ ಭಕ್ತರು, ಇವರೆಲ್ಲ ತಲೆಮಾರುಗಳಿಂದ ಬಯಲಿನಲ್ಲಿ ರಾತ್ರಿ ಕಳೆದವರೇ. ಅವರಿಗೆ ಕಂದೀಲು ಸಾಕಿತ್ತು. ಇಂದು ಅದೇ ಕುರಿಗಾರರಿಗೂ ಮೊಬೈಲ್ ಚಾರ್ಜ್ ಆಗಬೇಕು, ಟಾರ್ಚ್ ಉರಿಯಬೇಕು. ಬಯಲಿಗೆ ಹೋದರೂ ಕರೆಂಟು ಬೇಕೆಂಬ ಕಾಲವಿದು.

ತಿರುಗಲು ಜಾಗಗಳೇನೂ ಕಡಿಮೆ ಇಲ್ಲ. ಗದಗದಿಂದ ಸುಮಾರು 26 ಕಿಲೋಮೀಟರ್ ದೂರದ ಮಾಗಡಿ ಕೆರೆ ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ಹತ್ತಿರ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಈ ಕೆರೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಜೌಗು ತಾಣದ ಮನ್ನಣೆ ಸಿಕ್ಕಿತು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ದೇವಾಲಯವಿದೆ, ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯಿದೆ. ಮುಂಡರಗಿ ತಾಲ್ಲೂಕಿನಲ್ಲಿ ಸಿಂಗಟಾಲೂರಿನ ವೀರಭದ್ರನೂ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಹಮ್ಮಿಗಿ ಬ್ಯಾರೇಜೂ ಇವೆ. ಇವೆಲ್ಲದರ ನಡುವೆ ಗಾಳಿಯಂತ್ರಗಳನ್ನು ಹೊತ್ತು ನಿಂತಿದೆ ಕಪ್ಪತಗುಡ್ಡ. ಮೂರ್ನಾಲ್ಕು ದಿನದ ಸುತ್ತಾಟಕ್ಕೆ ಹೇಳಿ ಮಾಡಿಸಿದ ಹಾದಿ ಇದು. ಈ ಹಾದಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ.

ಮೊದಲು ಖರ್ಚಿನ ಪಟ್ಟಿ

ಹೆಸ್ಕಾಂ ಬಿಲ್ಲಿನಲ್ಲಿ ಬರುವ ‘ಯೂನಿಟ್’ ಎಲ್ಲರಿಗೂ ಗೊತ್ತು. ಒಂದು ಯೂನಿಟ್ ಎಂದರೆ 1,000 ವ್ಯಾಟ್-ತಾಸು. ಸಾವಿರ ವ್ಯಾಟಿನ ಹೀಟರ್ ಒಂದು ತಾಸು ಉರಿದರೆ ಒಂದು ಯೂನಿಟ್, ಹತ್ತು ವ್ಯಾಟಿನ ದೀಪ ನೂರು ತಾಸು ಉರಿದರೂ ಒಂದೇ ಯೂನಿಟ್. ಗಾಡಿಯ ಲೆಕ್ಕಕ್ಕೆ ಯೂನಿಟ್ ತುಸು ದೊಡ್ಡ ಅಳತೆಯಾದ್ದರಿಂದ ವ್ಯಾಟ್-ತಾಸಿನಲ್ಲೇ ಬರೆಯೋಣ. ಪ್ರತಿ ಸಾಮಾನಿನ ವ್ಯಾಟನ್ನು ಅದು ದಿನಕ್ಕೆ ನಡೆಯುವ ತಾಸಿನಿಂದ ಗುಣಿಸಿದರೆ ಆಯಿತು. ನಾಲ್ಕು ಜನರ ಕುಟುಂಬ ಒಂದು ದಿನ-ರಾತ್ರಿಗೆ ಬಳಸುವ ಪಟ್ಟಿ ಹೆಚ್ಚೂಕಡಿಮೆ ಹೀಗಿರುತ್ತದೆ:

5 ವ್ಯಾಟಿನ ಮೂರು ಎಲ್‌ಇಡಿ ದೀಪ, 4 ತಾಸು: 60
15 ವ್ಯಾಟಿನ ಎರಡು 12 ವೋಲ್ಟ್ ಫ್ಯಾನ್, 8 ತಾಸು: 240
ನಾಲ್ಕು ಮೊಬೈಲ್, ದಿನಕ್ಕೊಮ್ಮೆ ಪೂರ್ತಿ ಚಾರ್ಜ್: 60
ಕ್ಯಾಮೆರಾ ಬ್ಯಾಟರಿ ಮತ್ತು ಟಾರ್ಚ್: 30
40 ವ್ಯಾಟಿನ ನೀರಿನ ಪಂಪ್, ಕಾಲು ತಾಸು: 10

ಒಟ್ಟು 400 ವ್ಯಾಟ್-ತಾಸು, ಅಂದರೆ ಅರ್ಧ ಯೂನಿಟ್ಟೂ ಇಲ್ಲ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಫ್ಯಾನಿನದು. ಡಿಸೆಂಬರಿನಲ್ಲಿ ಮಾಗಡಿ ಕೆರೆಯ ಹತ್ತಿರ ಉಳಿದರೆ ಫ್ಯಾನೇ ಬೇಡ, ಖರ್ಚು 160ಕ್ಕೆ ಇಳಿಯುತ್ತದೆ. ಶಿರಹಟ್ಟಿ ಫಕೀರೇಶ್ವರನ ಅಗಿ ಹುಣ್ಣಿಮೆ ಜಾತ್ರೆಗೆ ಮೇ ತಿಂಗಳಲ್ಲಿ ಹೋದರೆ ಫ್ಯಾನು ರಾತ್ರಿಯಿಡೀ ತಿರುಗಬೇಕು, ಮಧ್ಯಾಹ್ನವೂ ತಿರುಗಬೇಕು.

ಈ ಪಟ್ಟಿಗೆ ಒಂದು ಫ್ರಿಜ್ ಸೇರಿಸಿದರೆ ಚಿತ್ರವೇ ಬದಲಾಗುತ್ತದೆ. 40 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಚಳಿಗಾಲದಲ್ಲಿ ದಿನಕ್ಕೆ 300, ಬೇಸಿಗೆಯಲ್ಲಿ 500 ವ್ಯಾಟ್-ತಾಸಿನಷ್ಟು ಎಳೆಯಬಹುದು. ಬೇಸಿಗೆಯ ಒಟ್ಟು ಖರ್ಚು ಆಗ 900. ಹಾಲು, ಮೊಸರು, ಇನ್ಸುಲಿನ್‌ನಂಥ ಔಷಧಿ ಇದ್ದವರಿಗೆ ಫ್ರಿಜ್ ಬೇಕೇ ಬೇಕು. ತಣ್ಣೀರಿಗಾಗಿ ಮಾತ್ರ ಎಂದಾದರೆ ಒಂದು ಬಿಂದಿಗೆ ಸಾಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಯ ಬುತ್ತಿ ಕಟ್ಟಿಕೊಂಡು ಹೊರಡುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಡಕ್ಷನ್ ಒಲೆಯ ಮಾತು ಬೇರೆ. 1,500 ವ್ಯಾಟಿನ ಒಲೆ ಒಂದು ತಾಸು ಉರಿದರೆ 1,500 ವ್ಯಾಟ್-ತಾಸು. ಮೇಲಿನ ಪಟ್ಟಿಯ ಮೂರು ದಿನದ ಖರ್ಚನ್ನೂ ಮೀರಿ ಅದೊಂದೇ ನುಂಗುತ್ತದೆ. ಎಸಿಯದೂ ಅದೇ ಕಥೆ. ಬಿಸಿ ಮಾಡುವ, ಗಾಡಿಯನ್ನೇ ತಂಪು ಮಾಡುವ ಯಾವ ಯಂತ್ರವೂ ಸಣ್ಣ ಬ್ಯಾಟರಿಗೆ ಹೊಂದುವುದಿಲ್ಲ. ಅಡುಗೆಗೆ 5 ಕಿಲೋದ ಗ್ಯಾಸ್ ಸಿಲಿಂಡರ್ ಒಯ್ದು ಗಾಡಿಯ ಹೊರಗೆ ಒಲೆ ಹಚ್ಚುವುದೇ ಸರಿ. ಮಿಕ್ಸರ್ ನಡೆಯುವುದು ಐದಾರು ನಿಮಿಷವಾದ್ದರಿಂದ ಅದರ ಖರ್ಚು 50 ದಾಟುವುದಿಲ್ಲ. ಆದರೆ ಮೋಟಾರು ಶುರುವಾಗುವ ಕ್ಷಣದಲ್ಲಿ ಅದು ಎರಡು ಮೂರು ಪಟ್ಟು ಕರೆಂಟು ಎಳೆಯುವುದರಿಂದ 1,000 ವ್ಯಾಟಿಗಿಂತ ಸಣ್ಣ ಇನ್ವರ್ಟರ್ ಅದಕ್ಕೆ ಸಾಲದು. ಮಿಕ್ಸರ್ ಬಿಟ್ಟರೆ ಇನ್ವರ್ಟರೇ ಬೇಕಾಗುವುದಿಲ್ಲ. ದೀಪ, ಫ್ಯಾನ್, ಪಂಪ್, ಮೊಬೈಲ್ ಎಲ್ಲವೂ 12 ವೋಲ್ಟಿನಲ್ಲೇ ನಡೆಯುತ್ತವೆ. ಇನ್ವರ್ಟರ್ ಆನ್ ಇಟ್ಟರೆ ಏನೂ ಹಚ್ಚದಿದ್ದರೂ ಅದು ತನ್ನ ಪಾಲನ್ನು ತಿನ್ನುತ್ತಲೇ ಇರುತ್ತದೆ.

ಬ್ಯಾಟರಿ: ಮನೆಯದನ್ನು ಎತ್ತಿಡಬಹುದೆ?

ಬ್ಯಾಟರಿ ಎಂದರೆ ಹಗೇವು, ಪ್ಲೇಟು ಎಂದರೆ ಬೆಳೆ. ಬೆಳೆ ಕೈಕೊಟ್ಟ ವರ್ಷ ಎಷ್ಟು ದಿನ ಉಣ್ಣಬೇಕು ಎಂದು ನೋಡಿ ಹಗೇವು ತೋಡುತ್ತಿದ್ದರು. ಬಿಸಿಲು ಕಾಣದ ಒಂದು ದಿನವನ್ನೂ ಸೇರಿಸಿ ಎರಡು ದಿನದ ಖರ್ಚು ಹಿಡಿಯುವಷ್ಟು ಬ್ಯಾಟರಿ ಇರಲಿ. ಫ್ರಿಜ್ ಇಲ್ಲದ ಕುಟುಂಬಕ್ಕೆ ಅದು 800 ವ್ಯಾಟ್-ತಾಸು, ಫ್ರಿಜ್ ಇದ್ದವರಿಗೆ ಬೇಸಿಗೆಯಲ್ಲಿ 1,800.

ನಮ್ಮ ಮನೆಗಳಲ್ಲಿ ಇನ್ವರ್ಟರಿಗೆ ಹಚ್ಚಿದ 150 ಆಂಪಿಯರ್-ತಾಸಿನ ಟ್ಯೂಬುಲರ್ ಬ್ಯಾಟರಿ ಸಾಮಾನ್ಯ. ಅದನ್ನೇ ಗಾಡಿಗೆ ಎತ್ತಿಟ್ಟರಾಯಿತು ಎಂಬ ಆಸೆ ಸಹಜ. ಹೆಸರಿಗೆ ಅದರಲ್ಲಿ 1,800 ವ್ಯಾಟ್-ತಾಸು ಇದೆ. ಆದರೆ ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಆಯುಷ್ಯ ಬೇಗ ತೀರುತ್ತದೆ, ಹಾಗಾಗಿ ಕೈಗೆ ದಕ್ಕುವುದು ಸುಮಾರು 900. ತೂಕ 50 ಕಿಲೋ ಮೀರುತ್ತದೆ. ಹಳ್ಳಿ ರಸ್ತೆಯ ಕುಲುಕಾಟಕ್ಕೆ ಆಮ್ಲ ಚೆಲ್ಲಬಹುದು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಕಿಟಕಿ ಹಾಕಿಕೊಂಡು ಮಲಗುವ ಜಾಗದಲ್ಲಿ ಅದನ್ನು ಇಡಲೇಬಾರದು. ಮನೆಯ ಗೋಡೆಯ ಪಕ್ಕ ಗಾಳಿಯಾಡುವ ಮೂಲೆಯೇ ಅದರ ಜಾಗ.

ಗಾಡಿಗೆ ಒಪ್ಪುವುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. 12.8 ವೋಲ್ಟಿನ 100 ಆಂಪಿಯರ್-ತಾಸಿನ ಬ್ಯಾಟರಿಯಲ್ಲಿ 1,280 ವ್ಯಾಟ್-ತಾಸು ಇರುತ್ತದೆ, ಅದರಲ್ಲಿ ಶೇ 80ರಷ್ಟನ್ನು ಸಂಕೋಚವಿಲ್ಲದೆ ಬಳಸಬಹುದು. ಅಂದರೆ ಸುಮಾರು 1,000. ತೂಕ 11ರಿಂದ 13 ಕಿಲೋ. ಬೆಲೆ ಹೆಚ್ಚು, ಆದರೆ ಸೀಸದ್ದು ಕೆಲವು ನೂರು ಸಲ ಇಳಿದು ಏರಿದರೆ ಇದು ಎರಡು ಮೂರು ಸಾವಿರ ಸಲ ತಾಳುತ್ತದೆ. ಫ್ರಿಜ್ ಇಲ್ಲದವರಿಗೆ ಇಂಥದ್ದೊಂದು ಸಾಕು, ಫ್ರಿಜ್ ಇದ್ದವರಿಗೆ ಎರಡು ಬೇಕು.

ಇಲ್ಲಿ ಎರಡು ಎಚ್ಚರಿಕೆ. ಲಿಥಿಯಂ ಎಂದು ಮಾರುವುದೆಲ್ಲ ಒಂದೇ ಜಾತಿಯದಲ್ಲ. ಹಳೆಯ ಇ-ಸ್ಕೂಟರಿನ ಸೆಲ್ಲುಗಳನ್ನು ಕೂಡಿಸಿ ಪೆಟ್ಟಿಗೆಯಲ್ಲಿ ತುಂಬಿ ಕಡಿಮೆ ಬೆಲೆಗೆ ಕೊಡುವವರೂ ಇದ್ದಾರೆ. ಅಂಥ ಸೆಲ್ಲುಗಳಲ್ಲಿ ಬೆಂಕಿಯ ಅಪಾಯ ಹೆಚ್ಚು. ಕಂಪನಿಯ ಹೆಸರು, ವಾರಂಟಿ ಚೀಟಿ, ಒಳಗೆ ಬಿಎಂಎಸ್ ಎಂಬ ರಕ್ಷಣಾ ಸರ್ಕ್ಯೂಟ್ ಮೂರೂ ಇರುವುದನ್ನೇ ಕೊಳ್ಳಿ. ಎರಡನೆಯದು ಶೆಖೆ. ಅಮೆರಿಕ, ಕೆನಡಾದವರು ಮಾಡಿದ ವಿಡಿಯೊಗಳಲ್ಲಿ ಲಿಥಿಯಂ ಬ್ಯಾಟರಿ ಹಿಮದಲ್ಲಿ ತೀರಾ ತಣ್ಣಗಾಗದಂತೆ ಬಿಸಿ ಮಾಡುವ ಪ್ಯಾಡ್ ಹಾಕುವುದನ್ನು ತೋರಿಸುತ್ತಾರೆ. ಗದಗಿನ ಚಳಿಗೆ ಅದು ದಂಡ. ನಮ್ಮ ಚಿಂತೆ ತದ್ವಿರುದ್ಧ. ಏಪ್ರಿಲ್-ಮೇ ತಿಂಗಳಲ್ಲಿ ಬಾಗಿಲು ಹಾಕಿ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಒಳಗೆ 55 ಡಿಗ್ರಿ ದಾಟುವುದು ಕಷ್ಟವಲ್ಲ. ಲಿಥಿಯಂ ಐರನ್ ಫಾಸ್ಫೇಟನ್ನು ಸಾಮಾನ್ಯವಾಗಿ 45 ಡಿಗ್ರಿಯೊಳಗೇ ಚಾರ್ಜ್ ಮಾಡಬೇಕೆನ್ನುತ್ತಾರೆ. ಸೀಸದ ಬ್ಯಾಟರಿಗೂ ಶಾಖ ಶತ್ರುವೇ, 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಅರ್ಧವಾಗುತ್ತದೆ ಎಂಬುದು ರೂಢಿಯ ಲೆಕ್ಕ. ಬ್ಯಾಟರಿ ನೆಲಮಟ್ಟದಲ್ಲಿ, ಸೀಟಿನ ಕೆಳಗೆ, ಇಂಜಿನ್ನಿನಿಂದ ದೂರ, ನೆರಳಿನಲ್ಲಿ ಇರಲಿ.

ಲಿಥಿಯಂ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ವೋಲ್ಟ್ ಮೀಟರ್ ನೋಡಿ ಹೇಳಲಾಗದು. ಸೀಸದ್ದಾದರೆ ವಿಶ್ರಾಂತಿಯಲ್ಲಿ 12.7 ತೋರಿಸಿದರೆ ಪೂರ್ತಿ, 12.2 ತೋರಿಸಿದರೆ ಅರ್ಧ. ಲಿಥಿಯಂ ಮಾತ್ರ ಬಹುಪಾಲು ಹೊತ್ತು 13.2ರ ಆಸುಪಾಸಿನಲ್ಲೇ ನಿಂತು, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಒಳಬಂದ, ಹೊರಹೋದ ಕರೆಂಟನ್ನು ಎಣಿಸುವ ಶಂಟ್ ಮೀಟರ್ ಒಂದನ್ನು ಹಚ್ಚಿಕೊಂಡರೆ ಈ ಕತ್ತಲೆ ಹರಿಯುತ್ತದೆ.

ಗದಗಿನ ಬಿಸಿಲು ಎಷ್ಟು ಕೊಡುತ್ತದೆ?

ಪ್ಲೇಟಿನ ಹಿಂದೆ ಬರೆದ ವ್ಯಾಟು ಪ್ರಯೋಗಶಾಲೆಯ ಅಂಕಿ. ಚದರ ಮೀಟರಿಗೆ 1,000 ವ್ಯಾಟ್ ಬೆಳಕು, 25 ಡಿಗ್ರಿ ಶಾಖ ಇದ್ದಾಗ ಬರುವಂಥದ್ದು. ಬಯಲಿನಲ್ಲಿ ಬೆಳಕು ಬೆಳಿಗ್ಗೆಯಿಂದ ಸಂಜೆಯವರೆಗೆ ಏರಿ ಇಳಿಯುತ್ತದೆ. ಅದನ್ನೆಲ್ಲ ಕೂಡಿಸಿ ‘ಇಷ್ಟು ತಾಸಿನ ಪೂರ್ಣ ಬಿಸಿಲಿಗೆ ಸಮ’ ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಭಾಗದಲ್ಲಿ ವರ್ಷದ ಸರಾಸರಿ 5 ತಾಸಿಗಿಂತ ಹೆಚ್ಚು. ಮಾರ್ಚ್-ಏಪ್ರಿಲ್‌ನಲ್ಲಿ 6 ದಾಟುತ್ತದೆ, ಜುಲೈ-ಆಗಸ್ಟ್‌ನಲ್ಲಿ ಮೋಡ ಕವಿದು 4ರ ಆಸುಪಾಸಿಗೆ ಇಳಿಯುತ್ತದೆ. ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಾತ್ರ. ರೈತನಿಗೆ ಸಂಕಟವಾದ ಈ ಅಂಕಿ ಪ್ಲೇಟಿಗೆ ಲಾಭ.

ಕಡಿತಗಳೂ ಇವೆ. ಬೇಸಿಗೆಯ ಮಧ್ಯಾಹ್ನ ಪ್ಲೇಟಿನ ಮೈ 60 ಡಿಗ್ರಿ ಮುಟ್ಟುತ್ತದೆ. 25 ಡಿಗ್ರಿಯ ಮೇಲಿನ ಪ್ರತಿ ಡಿಗ್ರಿಗೆ ಶೇ 0.35ರಿಂದ 0.4ರಷ್ಟು ಉತ್ಪಾದನೆ ಇಳಿಯುವುದರಿಂದ ಶೇ 12-14 ಅಲ್ಲೇ ಹೋಯಿತು. ವೈರಿನಲ್ಲಿ, ಪ್ಲೇಟಿಗೂ ಬ್ಯಾಟರಿಗೂ ನಡುವೆ ಕೂರುವ ಚಾರ್ಜ್ ಕಂಟ್ರೋಲರಿನಲ್ಲಿ ಒಂದಿಷ್ಟು ಸೋರುತ್ತದೆ. ಇನ್ನು ಧೂಳು. ಎರಿ ಹೊಲದ ಕಡಲೆ, ಜೋಳದ ರಾಶಿ ನಡೆಯುವ ಫೆಬ್ರುವರಿಯಲ್ಲಿ ಹಳ್ಳಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದ ಗಾಡಿಯ ಮೇಲೆ ಕೈಯಾಡಿಸಿದರೆ ಅರ್ಥವಾಗುತ್ತದೆ. ಎಲ್ಲ ಕಳೆದು ಶೇ 70 ಉಳಿಯಿತು ಎಂದಿಟ್ಟುಕೊಳ್ಳಿ. 100 ವ್ಯಾಟಿನ ಪ್ಲೇಟು, 5 ತಾಸು, ಶೇ 70: ದಿನಕ್ಕೆ 350 ವ್ಯಾಟ್-ತಾಸು. ನೆನಪಿಡಬೇಕಾದ ಅಂಕಿ ಇದೊಂದೇ.

ಈಗ ಭಾಗಿಸಿ ನೋಡಿ. 400 ಬೇಕಾದವರಿಗೆ 115 ವ್ಯಾಟ್ ಸಾಕು. ಮಳೆಗಾಲದ 4 ತಾಸಿನ ಲೆಕ್ಕಕ್ಕೆ 145 ಬೇಕಾಗುತ್ತದೆ. ಸಲೀಸಾಗಿ ಇರಲಿ ಎಂದರೆ 150ರಿಂದ 200 ವ್ಯಾಟ್. ಫ್ರಿಜ್ ಸೇರಿ 900 ಬೇಕಾದವರಿಗೆ ಸುಮಾರು 260 ಆಗುತ್ತದೆ, 300 ವ್ಯಾಟಿನದು ಹಾಕಿಸಲಿ. ಮನೆಯ ಚಾವಣಿಗೆ ಹಾಕುವ 540 ವ್ಯಾಟಿನ ದೊಡ್ಡ ಪ್ಲೇಟು ವ್ಯಾಟಿಗೆ ಅಗ್ಗ ಎಂದು ಅದನ್ನೇ ಹೇರಲು ಹೋಗಬೇಡಿ. ಅದರ ಉದ್ದ ಸುಮಾರು 2.3 ಮೀಟರ್, ಅಗಲ 1.1 ಮೀಟರ್ ಮೀರುತ್ತದೆ, ತೂಕ 27-28 ಕಿಲೋ. ಟೆಂಪೊ ಟ್ರಾವೆಲರಿಗೆ ಸರಿ ಹೋದೀತು, ಈಕೊದ ನೆತ್ತಿಗೆ ಹೊರೆ.

ಓರೆಯಾಗಿ ಕೂರಿಸಬೇಕೆ ಎಂಬುದು ಇನ್ನೊಂದು ಪ್ರಶ್ನೆ. ಗದಗ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದ ತುಸು ಮೇಲೆ. ಮೇ ಮೊದಲ ವಾರದಲ್ಲೂ ಆಗಸ್ಟ್ ಎರಡನೆಯ ವಾರದ ಹೊತ್ತಿಗೂ ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ. ಡಿಸೆಂಬರಿನಲ್ಲೂ ದಕ್ಷಿಣಕ್ಕೆ ವಾಲಿ 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಹಾಗಾಗಿ ಗಾಡಿಯ ಮೇಲೆ ಸಪಾಟಾಗಿ ಹಾಸಿದರೂ ವರ್ಷದ ಲೆಕ್ಕದಲ್ಲಿ ದೊಡ್ಡ ನಷ್ಟವಿಲ್ಲ. ಯುರೋಪಿನವರ ಹಾಗೆ 40-45 ಡಿಗ್ರಿ ಎತ್ತುವ ಸ್ಟ್ಯಾಂಡ್ ನಮಗೆ ಬೇಕಿಲ್ಲ. ಪ್ಲೇಟಿಗೂ ಮಾಡಿಗೂ ನಡುವೆ ಎರಡು ಮೂರು ಬೆರಳು ಗಾಳಿ ಆಡುವ ಜಾಗ ಬಿಟ್ಟರೆ ಅದೇ ಹೆಚ್ಚಿನ ಲಾಭ.

ನಿಜವಾದ ತೊಡಕು ನೆರಳಿನದು. ಬೇಸಿಗೆಯಲ್ಲಿ ಮನುಷ್ಯ ಬೇವಿನ ಮರ ಹುಡುಕುತ್ತಾನೆ, ಪ್ಲೇಟು ಬಯಲು ಕೇಳುತ್ತದೆ. ಪ್ಲೇಟಿನೊಳಗಿನ ಸೆಲ್ಲುಗಳು ಸಾಲಾಗಿ ಜೋಡಿಸಿದವಾದ್ದರಿಂದ ಒಂದು ಟೊಂಗೆಯ ನೆರಳು ಬಿದ್ದರೂ ಉತ್ಪಾದನೆ ಅರ್ಧಕ್ಕೆ ಇಳಿಯಬಹುದು. ಇದಕ್ಕೆ ಮಡಚುವ ಪ್ಲೇಟು ಒಳ್ಳೆಯ ಉಪಾಯ. ಗಾಡಿ ನೆರಳಿನಲ್ಲಿರಲಿ, ಎಂಟು ಹತ್ತು ಮೀಟರ್ ವೈರಿನ ತುದಿಯಲ್ಲಿ ಪ್ಲೇಟು ಬಿಸಿಲಿನಲ್ಲಿರಲಿ. ಆಷಾಢದಲ್ಲಾದರೆ ಅದಕ್ಕೆ ಗೂಟ ಹೊಡೆದು ಕಟ್ಟಬೇಕು. ಗಾಳಿಯಂತ್ರ ತಿರುಗಿಸುವ ಗಾಳಿ ಕಟ್ಟದ ಪ್ಲೇಟನ್ನು ಪಕ್ಕದ ಹೊಲಕ್ಕೆ ಒಯ್ಯಲು ಹಿಂದೆಮುಂದೆ ನೋಡದು.

ಓಡುವ ಗಾಡಿ ಕೊಡುವ ಕರೆಂಟು

ಗದಗ ಸೀಮೆಯಲ್ಲಿ ಬಿಸಿಲು ಕಡಿಮೆಯಾಗುವ ಜೂನ್-ಸೆಪ್ಟೆಂಬರಿನಲ್ಲೇ ಗಾಳಿ ಜೋರಾಗುತ್ತದೆ. ಒಂದು ಸೋತಾಗ ಇನ್ನೊಂದು ಕೈಹಿಡಿಯುತ್ತದೆ, ಆದ್ದರಿಂದಲೇ ಗಾಳಿ ಮತ್ತು ಸೌರ ವಿದ್ಯುತ್ತನ್ನು ಜೋಡಿ ಮಾಡುವ ಯೋಜನೆಗಳಿಗೆ ಈ ಜಿಲ್ಲೆ ಹೊಂದುತ್ತದೆ. ಗಾಡಿಯ ಮೇಲೆ ಗಾಳಿಯಂತ್ರ ಹೊರಲಾಗದು. ಆ ಜೋಡಿಯ ಕೆಲಸವನ್ನು ಗಾಡಿಯ ಆಲ್ಟರ್ನೇಟರ್ ಮಾಡುತ್ತದೆ.

30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಒಂದನ್ನು ಗಾಡಿಯ ಮೂಲ ಬ್ಯಾಟರಿಗೂ ಹಿಂದಿನ ಬ್ಯಾಟರಿಗೂ ನಡುವೆ ಹಾಕಿಸಿದರೆ ಇಂಜಿನ್ ಓಡುವಾಗ ತಾಸಿಗೆ ಸುಮಾರು 400 ವ್ಯಾಟ್-ತಾಸು ತುಂಬುತ್ತದೆ. ಗದಗದಿಂದ ಮುಂಡರಗಿಗೋ ಲಕ್ಷ್ಮೇಶ್ವರಕ್ಕೋ ಹೆಚ್ಚೂಕಡಿಮೆ 40 ಕಿಲೋಮೀಟರ್, ಒಂದು ತಾಸಿನ ಹಾದಿ. ಫ್ರಿಜ್ ಇಲ್ಲದ ಕುಟುಂಬದ ಒಂದು ದಿನದ ಖರ್ಚು ಆ ಒಂದು ತಾಸಿನಲ್ಲೇ ಬಂದುಬಿಟ್ಟಿತು! ಬೆಳಿಗ್ಗೆ ಡಂಬಳ, ಮಧ್ಯಾಹ್ನ ಸಿಂಗಟಾಲೂರು, ಮರುದಿನ ಲಕ್ಷ್ಮೇಶ್ವರ ಎಂದು ದಿನವೂ ಗಾಡಿ ಓಡಿಸುವವರಿಗೆ ಪ್ಲೇಟಿನ ಅಗತ್ಯವೇ ಇಲ್ಲ. ಪ್ಲೇಟು ಬೇಕಾದದ್ದು ಒಂದೇ ಕಡೆ ಎರಡು ಮೂರು ದಿನ ನಿಲ್ಲುವವರಿಗೆ. ಓಡುವವರಿಗೆ ಆಲ್ಟರ್ನೇಟರ್, ನಿಲ್ಲುವವರಿಗೆ ಪ್ಲೇಟು: ಈ ಭೇದ ತಿಳಿದರೆ ಅರ್ಧ ದುಡ್ಡು ಉಳಿಯುತ್ತದೆ.

ಎರಡು ಬ್ಯಾಟರಿಗಳನ್ನು ಬರೀ ವೈರಿನಿಂದ ಜೋಡಿಸಿ ಈ ಚಾರ್ಜರಿನ ಖರ್ಚು ತಪ್ಪಿಸಬಾರದೆ ಎಂದು ಕೇಳುವವರಿದ್ದಾರೆ. ಲಿಥಿಯಂ ಬ್ಯಾಟರಿ ಸಿಕ್ಕಷ್ಟು ಕರೆಂಟನ್ನು ಎಳೆದುಕೊಳ್ಳುವುದರಿಂದ ಆಲ್ಟರ್ನೇಟರ್ ಕಾದು ಸುಡಬಹುದು. ಬಿಎಸ್-6 ಬಂದ ಮೇಲಿನ ಅನೇಕ ಗಾಡಿಗಳಲ್ಲಿ ಆಲ್ಟರ್ನೇಟರ್ ಇಂಧನ ಉಳಿಸಲು ತನ್ನ ವೋಲ್ಟೇಜನ್ನು ತಾನೇ ಏರಿಳಿಸುತ್ತದೆ, ಅಲ್ಲಿ ಬರೀ ವೈರು ಕೆಲಸವನ್ನೂ ಮಾಡದು. ನಿಂತ ಗಾಡಿಯ ಇಂಜಿನ್ ಚಾಲೂ ಇಟ್ಟು ಚಾರ್ಜ್ ಮಾಡುವುದು ಡೀಸೆಲಿಗೂ ದಂಡ, ಜೀವಕ್ಕೂ ಕೇಡು. ಒಳಗೆ ಮಲಗಿದವರಿಗೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮುಟ್ಟಿದರೆ ಎಚ್ಚರವೇ ಆಗುವುದಿಲ್ಲ.

ಮೂರನೆಯ ದಾರಿ ಗೋಡೆಯ ಸಾಕೆಟ್. ನೆಂಟರ ಮನೆ, ಲಾಡ್ಜು, ಯಾತ್ರಿ ನಿವಾಸದಲ್ಲಿ ಕೇಳಿಕೊಂಡು 20 ಆಂಪಿಯರಿನ ಲಿಥಿಯಂ ಚಾರ್ಜರ್ ಹಚ್ಚಿದರೆ ಐದು ತಾಸಿನಲ್ಲಿ 100 ಆಂಪಿಯರ್-ತಾಸಿನ ಬ್ಯಾಟರಿ ತುಂಬುತ್ತದೆ. ಖರ್ಚು ಒಂದೂವರೆ ಯೂನಿಟ್. ಜಾತ್ರೆಯ ಗದ್ದಲದಲ್ಲಿ ಕಂಬಕ್ಕೆ ಕೊಕ್ಕೆ ಹಾಕುವುದು ಮಾತ್ರ ಬೇಡ. 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಡಿ ಅದು ಕಳ್ಳತನ, ಅದಕ್ಕೆ ಜೈಲೂ ಇದೆ.

ವೈರು, ಫ್ಯೂಸು, ಕಂಟ್ರೋಲರ್

ದುಡ್ಡೆಲ್ಲ ಬ್ಯಾಟರಿಗೂ ಪ್ಲೇಟಿಗೂ ಸುರಿದು ಉಳಿದ ಚಿಲ್ಲರೆಯಲ್ಲಿ ವೈರು ಕೊಳ್ಳುವುದು ನಮ್ಮಲ್ಲಿನ ರೂಢಿ. ಮನೆಯ 230 ವೋಲ್ಟಿನಲ್ಲಿ ಅದು ನಡೆದೀತು, 12 ವೋಲ್ಟಿನಲ್ಲಿ ನಡೆಯದು. 300 ವ್ಯಾಟ್ ಸಾಗಿಸಲು ಮನೆಯಲ್ಲಿ ಒಂದೂವರೆ ಆಂಪಿಯರಿನೊಳಗೆ ಮುಗಿಯುತ್ತದೆ, ಗಾಡಿಯಲ್ಲಿ 25 ಆಂಪಿಯರ್ ಬೇಕು. ಐದು ಮೀಟರ್ ದೂರಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದರೆ ಹೋಗಿ ಬರುವ ಹಾದಿಯಲ್ಲೇ ಒಂದು ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ, ವೈರು ಬೆಚ್ಚಗಾಗುತ್ತದೆ. 16 ಚದರ ಮಿಲಿಮೀಟರಿನದಾದರೆ ನಷ್ಟ 0.3 ವೋಲ್ಟಿನೊಳಗೆ. 1,000 ವ್ಯಾಟಿನ ಇನ್ವರ್ಟರ್ ಪೂರ್ತಿ ನಡೆದರೆ 90 ಆಂಪಿಯರ್ ದಾಟಿ ಎಳೆಯುವುದರಿಂದ ಅದನ್ನು ಬ್ಯಾಟರಿಯ ಪಕ್ಕದಲ್ಲೇ ಇಡಬೇಕು.

ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸು ಇರಲೇಬೇಕು. ಫ್ಯೂಸು ಇರುವುದು ವೈರನ್ನು ಕಾಯಲು. ವೈರು ತಾಳುವ ಆಂಪಿಯರಿಗಿಂತ ಅದು ಕಡಿಮೆ ಇರಲಿ. ವೈರು ತಗಡಿನ ತೂತು ದಾಟುವಲ್ಲೆಲ್ಲ ರಬ್ಬರಿನ ಬಳೆ ಹಾಕಿಸಿ. ಕುಲುಕಾಟಕ್ಕೆ ತಗಡಿನ ಅಂಚು ತಿಂಗಳೊಪ್ಪತ್ತಿನಲ್ಲಿ ವೈರಿನ ಸಿಪ್ಪೆ ತೆಗೆದುಬಿಡುತ್ತದೆ.

ಕಂಟ್ರೋಲರಿನಲ್ಲಿ ಎರಡು ಬಗೆ. ಪಿಡಬ್ಲ್ಯುಎಂ ಅಗ್ಗ, ಎಂಪಿಪಿಟಿ ದುಬಾರಿ. 18 ವೋಲ್ಟಿನ ಸಣ್ಣ ಪ್ಲೇಟನ್ನು ಪಿಡಬ್ಲ್ಯುಎಂ ಮೂಲಕ 13 ವೋಲ್ಟಿನ ಬ್ಯಾಟರಿಗೆ ಹಚ್ಚಿದರೆ ಕಾಲು ಭಾಗ ಪೋಲಾಗುತ್ತದೆ. 40 ವೋಲ್ಟಿನ ದೊಡ್ಡ ಪ್ಲೇಟಾದರೆ ಮೂರರಲ್ಲಿ ಎರಡು ಪಾಲು ಪೋಲು. 100 ವ್ಯಾಟಿನವರಿಗೆ ಅಗ್ಗದ್ದು ನಡೆಯುತ್ತದೆ, ಅದರ ಮೇಲಿನವರು ಎಂಪಿಪಿಟಿಯನ್ನೇ ಹಾಕಿಸಲಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಲೇಟು. ಬಿಚ್ಚುವಾಗ ಮೊದಲು ಪ್ಲೇಟು, ಆಮೇಲೆ ಬ್ಯಾಟರಿ. ಹೊಲದಲ್ಲಿ ಸೋಲಾರ್ ಪಂಪ್‌ಸೆಟ್ ಕೂರಿಸುವ ಕೆಲಸಗಾರರಿಗೆ ಇವೆಲ್ಲ ಗೊತ್ತಿರುತ್ತದೆ. ಆಟೊ ಎಲೆಕ್ಟ್ರಿಷಿಯನ್ನರಿಗೆ ಗಾಡಿ ಗೊತ್ತು, ಪಂಪ್‌ಸೆಟ್ಟಿನವರಿಗೆ ಪ್ಲೇಟು ಗೊತ್ತು. ಇಬ್ಬರನ್ನೂ ಕೂರಿಸಿ ಮಾತಾಡಿಸಿದರೆ ಕೆಲಸ ಚೊಕ್ಕ.

ಕಾನೂನು ಮತ್ತು ಜಾಗ

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಾಹನದ ಮೂಲ ರಚನೆಯನ್ನು ಮಾಲೀಕ ತನ್ನಿಷ್ಟಕ್ಕೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಖಚಿತಪಡಿಸಿತು. ಮಾಡು ಕೊಯ್ಯುವುದು, ಸೀಟು ಕಾಯಂ ಕಿತ್ತುಹಾಕುವುದು, ಎತ್ತರ ಏರಿಸುವುದು ಇವೆಲ್ಲ ಆರ್‌ಟಿಒ ಅನುಮತಿ ಬೇಡುವ ಕೆಲಸ. ಕೆಎ-26 ನೋಂದಣಿಯವರು ಗದಗ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಲಿ. ಬ್ಯಾಟರಿ, ಚಾರ್ಜರ್, ಮೀಟರ್ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಬೇಕಾದಾಗ ಎತ್ತಿ ಇಳಿಸುವ ಹಾಗೆ ಮಾಡಿಸಿ, ಜೊತೆಗೆ ಮಡಚುವ ಪ್ಲೇಟು ಇಟ್ಟುಕೊಂಡರೆ ತಕರಾರು ಕಡಿಮೆ. ಹಳೆಯ ತಂತಿ ಕೊಯ್ದು ಹೊಸದು ಕಸಿ ಮಾಡಿದರೆ ವಿಮೆಯವರು ಬೆಂಕಿ ಅವಘಡದ ಪರಿಹಾರಕ್ಕೆ ತಕರಾರು ತೆಗೆಯಬಹುದು ಎಂಬುದೂ ನೆನಪಿರಲಿ. ಪೆಟ್ಟಿಗೆ ಮನೆಗೆ ಬಂದ ಮೇಲೆ ಕರೆಂಟು ಹೋದಾಗ ಅಲ್ಲೂ ದುಡಿಯುತ್ತದೆ.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ರಾತ್ರಿ ತಂಗುವಂತಿಲ್ಲ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದು ಗುಡ್ಡ ಸುಡುವುದು ಮತ್ತೆ ಮತ್ತೆ ಆಗಿದೆ. ಅನುಮತಿ ಸಿಕ್ಕರೂ ಕಟ್ಟಿಗೆ ಉರಿಸುವ ಮಾತು ಬೇಡ, ಬ್ಯಾಟರಿ ದೀಪ ಇರುವುದೇ ಅದಕ್ಕೆ. ಮಾಗಡಿ ಕೆರೆಯ ದಂಡೆಯಲ್ಲಿ ಆ ದೀಪವೂ ಮಂದವಾಗಿರಲಿ. ಪ್ರಖರ ಬೆಳಕು, ಹಾಡಿನ ಸದ್ದು, ಡ್ರೋನು ಹೆಬ್ಬಾತುಗಳನ್ನು ಎಬ್ಬಿಸುತ್ತವೆ. ಹೊಲದಲ್ಲಿ ನಿಲ್ಲುವುದಾದರೆ ಹೊಲದವರನ್ನು ಕೇಳಿ ನಿಲ್ಲಿ. ಮಳೆ ಬರುವಂತಿದ್ದರೆ ಎರಿ ಬಿಟ್ಟು ಮಸಾರಿಯಲ್ಲಿ ನಿಲ್ಲಿ. ಎರಿಯಲ್ಲಿ ಹೂತ ಗಾಡಿಯನ್ನು ಎಷ್ಟು ದೊಡ್ಡ ಬ್ಯಾಟರಿಯೂ ಮೇಲೆತ್ತದು.

ಕೊನೆಗೆ

ಈ ಭಾಗದಲ್ಲಿ ತಿರುಗುವ ನಾಲ್ಕು ಜನರ ಕುಟುಂಬಕ್ಕೆ 100 ಆಂಪಿಯರ್-ತಾಸಿನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 30 ಆಂಪಿಯರಿನ ಒಂದು ಡಿಸಿ-ಡಿಸಿ ಚಾರ್ಜರ್, ಒಂದು ಶಂಟ್ ಮೀಟರ್, ದಪ್ಪ ವೈರು ಮತ್ತು ಫ್ಯೂಸು ಇಷ್ಟಿದ್ದರೆ ಶುರು ಮಾಡಲು ಧಾರಾಳ. ಒಂದೇ ಕಡೆ ಒಂದೆರಡು ದಿನಕ್ಕಿಂತ ಹೆಚ್ಚು ನಿಲ್ಲುವ ರೂಢಿ ಬಿದ್ದ ಮೇಲೆ 200 ವ್ಯಾಟಿನ ಮಡಚುವ ಪ್ಲೇಟು ಸೇರಿಸಿ. ಫ್ರಿಜ್ ಬೇಕೆನಿಸಿದಾಗ ಇನ್ನೊಂದು ಬ್ಯಾಟರಿ ಹಾಕಿಸಿ, ಪ್ಲೇಟನ್ನು 300ಕ್ಕೆ ಏರಿಸಿ. 2025ರ ಸೆಪ್ಟೆಂಬರ್ 22ರಿಂದ ಸೌರ ಸಲಕರಣೆಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಆ ಅಂಕಿ ನೋಡಿ ದುಡ್ಡು ಕೊಡಿ. ಎಲ್ಲಕ್ಕಿಂತ ಮೊದಲು ಈ ರವಿವಾರ ಮನೆಯಲ್ಲೇ ಕುಳಿತು ನಿಮ್ಮ ಪಟ್ಟಿ ಬರೆಯಿರಿ: ಯಾವ ಸಾಮಾನು, ಎಷ್ಟು ವ್ಯಾಟು, ಎಷ್ಟು ತಾಸು. ಆ ಚೀಟಿ ಹಿಡಿದು ಅಂಗಡಿಗೆ ಹೋದರೆ ‘ಎಷ್ಟ್ ವ್ಯಾಟಿನ ಪ್ಲೇಟ್’ ಎಂದು ನೀವೇ ಹೇಳುತ್ತೀರಿ, ಬೇಡದ್ದನ್ನು ಯಾರೂ ನಿಮಗೆ ಮಾರಲಾರರು.